ಇಂಗ್ಲಿಷ್ ವಾಕ್ಯಪ್ರಭೇದಗಳು ಮತ್ತು ಕನ್ನಡದ ಕೃದಂತ: ಕಡೂರು, ತರೀಕೆರೆ, ಅಜ್ಜಂಪುರ ಪರಿಸರದ ಕಲಿಕೆಯನ್ನು ಕುರಿತ ಒಂದು ವಿವೇಚನೆ

೧. ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಗೂ ಮಲೆನಾಡಿನ ಅಂಚಿಗೂ ಸೇರಿದ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಪ್ರೌಢಶಾಲೆಗೆ ಬರುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ ಭಾಷೆ. ಈ ವಿದ್ಯಾರ್ಥಿ ಕನ್ನಡದ ತರಗತಿಯಲ್ಲಿ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂಬ ಮೂರು ಪ್ರಭೇದಗಳನ್ನು ಕಲಿಯುತ್ತಾನೆ. ಇಂಗ್ಲಿಷ್ ತರಗತಿಯಲ್ಲಿ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಮೂರು ಪ್ರಭೇದಗಳನ್ನು ಕಲಿಯುತ್ತಾನೆ. ಎರಡೂ ಕಡೆ ಪ್ರಭೇದಗಳ ಸಂಖ್ಯೆ ಒಂದೇ, ವ್ಯಾಖ್ಯೆಯೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಕನ್ನಡದ ಸಾಮಾನ್ಯ ವಾಕ್ಯವೇ ಇಂಗ್ಲಿಷಿನ ಸಿಂಪಲ್ ವಾಕ್ಯ, ಕನ್ನಡದ ಮಿಶ್ರ ವಾಕ್ಯವೇ ಇಂಗ್ಲಿಷಿನ ಕಾಂಪ್ಲೆಕ್ಸ್ ವಾಕ್ಯ ಎಂಬ ತಿಳಿವಳಿಕೆ ಯಾರೂ ಹೇಳಿಕೊಡದೆಯೇ ಅವನಲ್ಲಿ ಬೇರೂರುತ್ತದೆ.

ಈ ತಿಳಿವಳಿಕೆ ಎಷ್ಟರಮಟ್ಟಿಗೆ ಸರಿ ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ. ಇದು ಪಾರಿಭಾಷಿಕ ಪದಗಳ ಜಿಜ್ಞಾಸೆಯಷ್ಟೇ ಆಗಿದ್ದರೆ ಅದಕ್ಕೆ ಇಷ್ಟು ಮಹತ್ವ ಕೊಡಬೇಕಾಗಿರಲಿಲ್ಲ. ೨೦೦೭ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ವರ್ಷಗಟ್ಟಲೆ ಇಂಗ್ಲಿಷ್ ಓದಿದ ವಿದ್ಯಾರ್ಥಿಗೂ ತನ್ನ ಮನಸ್ಸಿನಲ್ಲಿರುವುದನ್ನು ಒಂದು ಪೂರ್ಣ ಇಂಗ್ಲಿಷ್ ವಾಕ್ಯದಲ್ಲಿ ಹೇಳಲು ಆಗದಿದ್ದಾಗ, ಅವನು ಅದನ್ನು ತನ್ನ ಬುದ್ಧಿಯ ಕೊರತೆ ಎಂದು ತಿಳಿಯುತ್ತಾನೆ. ಕೆಲವೊಮ್ಮೆ ತನ್ನ ಕನ್ನಡದ ಕೊರತೆ ಎಂದೂ ತಿಳಿಯುತ್ತಾನೆ. ಎರಡು ಭಾಷೆಗಳ ವಾಕ್ಯಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ವಿವರಿಸಿ ಹೇಳಿದರೆ ಈ ಭಾವನೆಯನ್ನು ಬಹುಮಟ್ಟಿಗೆ ದೂರಮಾಡಬಹುದು. ಆ ವಿವರಣೆಯನ್ನು ಕೊಡುವ ಹೊಣೆಯಲ್ಲಿ ಕನ್ನಡ ವ್ಯಾಕರಣದ ಅಧ್ಯಯನಕ್ಕೂ ಪಾಲಿದೆ ಎಂಬುದು ಈ ಲೇಖನದ ನಿಲುವು.

ಇಲ್ಲಿ ಬಳಸಿರುವ ಉದಾಹರಣೆಗಳು ಈ ಮೂರು ತಾಲ್ಲೂಕುಗಳ ದಿನಬಳಕೆಯ ಬದುಕನ್ನು ಆಧರಿಸಿ ವಿವರಣೆಗಾಗಿ ರಚಿಸಿಕೊಂಡವು. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ.

೨. ವಾಕ್ಯ ವರ್ಗೀಕರಣದ ಹಿನ್ನೆಲೆ

ಕನ್ನಡದ ಪ್ರಾಚೀನ ವ್ಯಾಕರಣಗಳು ಮುಖ್ಯವಾಗಿ ವರ್ಣ ಮತ್ತು ಪದಗಳನ್ನು ಕುರಿತವು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವು ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಲ್ಲಿ ಭಾಷೆಯನ್ನು ವಿವರಿಸುತ್ತದೆ. ಅದರಲ್ಲಿ ವಾಕ್ಯಕ್ಕೆಂದೇ ಮೀಸಲಾದ ಪ್ರಕರಣವಿಲ್ಲ. ವಾಕ್ಯಕ್ಕೆ ಸಂಬಂಧಿಸಿದ ವಿಚಾರಗಳು ಕಾರಕ, ವಿಭಕ್ತಿ ಮತ್ತು ಆಖ್ಯಾತಗಳ ವಿವೇಚನೆಯಲ್ಲಿ ಅಡಕವಾಗಿವೆ. ೧೬೦೪ರಲ್ಲಿ ಭಟ್ಟಾಕಳಂಕನು ರಚಿಸಿದ ಕರ್ಣಾಟಕ ಶಬ್ದಾನುಶಾಸನವೂ, ಅದರ ಹೆಸರೇ ಸೂಚಿಸುವಂತೆ, ಶಬ್ದವನ್ನೇ ಕೇಂದ್ರವಾಗಿ ಉಳ್ಳದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಪರಿಸ್ಥಿತಿ ಬದಲಾಯಿತು. ವಿಲಿಯಂ ಕೇರಿಯ ವ್ಯಾಕರಣ ೧೮೧೭ರಲ್ಲಿಯೂ, ಥಾಮಸ್ ಹಾಡ್ಸನ್ನನ ವ್ಯಾಕರಣ ೧೮೫೯ರಲ್ಲಿಯೂ, ಕಿಟೆಲ್ಲರ ವ್ಯಾಕರಣ ೧೯೦೩ರಲ್ಲಿಯೂ ಪ್ರಕಟವಾದವು. ಇವು ಇಂಗ್ಲಿಷ್ ಬಲ್ಲ ಓದುಗರಿಗಾಗಿ ಇಂಗ್ಲಿಷಿನಲ್ಲಿಯೇ ಬರೆದ ಕನ್ನಡ ವ್ಯಾಕರಣಗಳಾದ್ದರಿಂದ ಯುರೋಪಿನ ವ್ಯಾಕರಣದ ಪರಿಕಲ್ಪನೆಗಳು ಇವುಗಳ ಮೂಲಕ ಕನ್ನಡದ ವಿವರಣೆಯೊಳಗೆ ಪ್ರವೇಶಿಸಿದವು. ಅದೇ ಶತಮಾನದಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ವಾಕ್ಯವನ್ನು ಬಿಡಿಸಿ ಉಪವಾಕ್ಯಗಳನ್ನು ಗುರುತಿಸುವ ಪದ್ಧತಿ ಬಳಕೆಗೆ ಬಂದಿತು. ಜರ್ಮನಿಯ ಕೆ.ಎಫ್. ಬೆಕರ್‌ನ ವಿಚಾರಗಳನ್ನು ಅನುಸರಿಸಿ ಜೆ.ಡಿ. ಮೊರೆಲ್ ೧೮೫೨ರಲ್ಲಿ ಪ್ರಕಟಿಸಿದ ವಾಕ್ಯವಿಶ್ಲೇಷಣೆಯ ಪುಸ್ತಕ ಈ ಪದ್ಧತಿಯನ್ನು ನೆಲೆಗೊಳಿಸಿದವುಗಳಲ್ಲಿ ಒಂದು. ಮುಂದೆ ನೆಸ್ಫೀಲ್ಡ್‌ನ ವ್ಯಾಕರಣಗಳೂ, ೧೯೩೦ರ ದಶಕದಿಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವೂ ಇದನ್ನು ಭಾರತದ ಶಾಲೆಗಳಲ್ಲಿ ಮನೆಮಾತಾಗಿಸಿದವು.

ನಮ್ಮ ಶಾಲಾ ವ್ಯಾಕರಣಗಳ ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ವಿಂಗಡಣೆ ಕೇಶಿರಾಜನಲ್ಲಿ ಇಲ್ಲದಿರುವುದನ್ನೂ, ಇಂಗ್ಲಿಷ್ ಶಾಲಾ ವ್ಯಾಕರಣದ ವಿಂಗಡಣೆಯನ್ನು ಅದು ಎಷ್ಟು ನಿಕಟವಾಗಿ ಹೋಲುತ್ತದೆ ಎಂಬುದನ್ನೂ ನೋಡಿದರೆ ಅದರ ಮೂಲ ಯಾವುದೆಂದು ಊಹಿಸುವುದು ಕಷ್ಟವಲ್ಲ. ಎರವಲು ಪಡೆದ ಮಾತ್ರಕ್ಕೆ ಯಾವ ಪರಿಕಲ್ಪನೆಯೂ ತಪ್ಪಾಗುವುದಿಲ್ಲ. ಆದರೆ ಒಂದು ಭಾಷೆಯ ಸ್ವಭಾವಕ್ಕೆ ತಕ್ಕಂತೆ ರೂಪುಗೊಂಡ ಅಳತೆಗೋಲನ್ನು ಇನ್ನೊಂದು ಭಾಷೆಗೆ ಹಚ್ಚುವಾಗ ಎಚ್ಚರ ಬೇಕಾಗುತ್ತದೆ. ಕನ್ನಡವನ್ನು ಸಂಸ್ಕೃತ ವ್ಯಾಕರಣದ ಚೌಕಟ್ಟಿನಲ್ಲಿ ವಿವರಿಸುವುದರಿಂದ ಆಗುವ ತೊಡಕುಗಳನ್ನು ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ ಎಂಬ ತಮ್ಮ ಕೃತಿಯಲ್ಲಿ ಚರ್ಚಿಸಿದ್ದಾರೆ. ಅದೇ ಪ್ರಶ್ನೆಯನ್ನು ಇಂಗ್ಲಿಷಿನ ಚೌಕಟ್ಟಿನ ಬಗೆಗೂ ಕೇಳಬೇಕಾಗಿದೆ.

೩. ಇಂಗ್ಲಿಷ್ ವಾಕ್ಯದ ಮೂಲಮಾದರಿಗಳು

ಇಂಗ್ಲಿಷ್ ವಾಕ್ಯಗಳನ್ನು ಎರಡು ನೆಲೆಗಳಲ್ಲಿ ವಿಂಗಡಿಸುವುದುಂಟು. ಮೊದಲನೆಯದು ಒಂದೇ ಉಪವಾಕ್ಯದ ಒಳಗಿನ ಅಂಗಗಳ ಜೋಡಣೆ; ಎರಡನೆಯದು ಉಪವಾಕ್ಯಗಳು ಪರಸ್ಪರ ಕೂಡುವ ಬಗೆ. ಮೊದಲ ನೆಲೆಯಲ್ಲಿ ಸಿ.ಟಿ. ಆನಿಯನ್ಸ್ ೧೯೦೪ರಲ್ಲಿ ಐದು ಮಾದರಿಗಳನ್ನು ಗುರುತಿಸಿದನು. ಎ.ಎಸ್. ಹಾರ್ನ್‌ಬಿ ೧೯೫೪ರಲ್ಲಿ ಕ್ರಿಯಾಪದಗಳ ವರ್ತನೆಯನ್ನು ಆಧರಿಸಿ ೨೫ ಮಾದರಿಗಳನ್ನು ಕೊಟ್ಟನು. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು ೧೯೮೫ರ ತಮ್ಮ ಬೃಹತ್ ವ್ಯಾಕರಣದಲ್ಲಿ ಏಳು ಮಾದರಿಗಳನ್ನು ಹೇಳಿದ್ದಾರೆ. ಪ್ರೌಢಶಾಲೆಯ ಮಟ್ಟಕ್ಕೆ ಐದು ಮಾದರಿಗಳು ಸಾಕು.

ಅ) ಕರ್ತೃ, ಕ್ರಿಯೆ: ‘ದ ಟ್ರೈನ್ ಸ್ಟಾಪ್ಡ್.’ ರೈಲು ನಿಂತಿತು.
ಆ) ಕರ್ತೃ, ಕ್ರಿಯೆ, ಪೂರಕ: ‘ಅಜ್ಜಂಪುರ ಈಸ್ ಎ ಟೌನ್.’ ಅಜ್ಜಂಪುರ ಒಂದು ಪಟ್ಟಣ.
ಇ) ಕರ್ತೃ, ಕ್ರಿಯೆ, ಕರ್ಮ: ‘ದ ಫಾರ್ಮರ್ ಸೋಲ್ಡ್ ದ ಕೋಕನಟ್ಸ್.’ ರೈತ ತೆಂಗಿನಕಾಯಿಗಳನ್ನು ಮಾರಿದ.
ಈ) ಕರ್ತೃ, ಕ್ರಿಯೆ, ಗೌಣಕರ್ಮ, ಕರ್ಮ: ‘ದ ಟ್ರೇಡರ್ ಗೇವ್ ದ ಫಾರ್ಮರ್ ಅನ್ ಅಡ್ವಾನ್ಸ್.’ ವ್ಯಾಪಾರಿ ರೈತನಿಗೆ ಮುಂಗಡ ಕೊಟ್ಟ.
ಉ) ಕರ್ತೃ, ಕ್ರಿಯೆ, ಕರ್ಮ, ಕರ್ಮಪೂರಕ: ‘ದ ವಿಲೇಜರ್ಸ್ ಎಲೆಕ್ಟೆಡ್ ಹರ್ ಪ್ರೆಸಿಡೆಂಟ್.’ ಊರಿನವರು ಅವಳನ್ನು ಅಧ್ಯಕ್ಷೆಯನ್ನಾಗಿ ಆರಿಸಿದರು.

ಈ ಐದರಲ್ಲಿಯೂ ಪದದ ಸ್ಥಾನವೇ ಅದರ ಪಾತ್ರವನ್ನು ನಿರ್ಧರಿಸುತ್ತದೆ ಎಂಬುದನ್ನು ಗಮನಿಸಬೇಕು. ನಾಲ್ಕನೆಯ ವಾಕ್ಯದಲ್ಲಿ ಮುಂಗಡವನ್ನು ಪಡೆದವನು ರೈತ ಎಂದು ತಿಳಿಯುವುದು ‘ಗೇವ್’ ಎಂಬುದರ ಬೆನ್ನಿಗೇ ‘ಫಾರ್ಮರ್’ ಬಂದಿರುವುದರಿಂದ. ಕನ್ನಡದಲ್ಲಿ ಆ ಕೆಲಸವನ್ನು ‘ರೈತನಿಗೆ’ ಎಂಬಲ್ಲಿನ ಚತುರ್ಥೀ ವಿಭಕ್ತಿ ಪ್ರತ್ಯಯ ಮಾಡುತ್ತದೆ. ‘ನಾಯಿ ಹಾವನ್ನು ಕಚ್ಚಿತು’ ಎಂದರೂ ‘ಹಾವನ್ನು ನಾಯಿ ಕಚ್ಚಿತು’ ಎಂದರೂ ಕಚ್ಚಿದ್ದು ನಾಯಿಯೇ. ಇಂಗ್ಲಿಷಿನಲ್ಲಿ ಆ ಎರಡು ನಾಮಪದಗಳನ್ನು ಅದಲುಬದಲು ಮಾಡಿದರೆ ಕಚ್ಚಿದ್ದು ಹಾವಾಗುತ್ತದೆ. ವಿಭಕ್ತಿಯ ಆಸರೆಯಲ್ಲಿ ಬೆಳೆದ ಕಿವಿಗೆ ಸ್ಥಾನದ ಈ ಬಿಗಿತ ಹೊಸದು. ಅದನ್ನು ನಿಯಮವೆಂದು ಹೇಳಿದರಷ್ಟೇ ಸಾಲದು. ವಿಭಕ್ತಿಯ ಬದಲಿಗೆ ಸ್ಥಾನ ಕೆಲಸ ಮಾಡುತ್ತಿದೆ ಎಂಬ ಕಾರಣವನ್ನೂ ಹೇಳಬೇಕು.

ಎರಡನೆಯ ಮಾದರಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಅಜ್ಜಂಪುರ ಒಂದು ಪಟ್ಟಣ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಆದರೂ ಅದು ಪೂರ್ಣವಾಕ್ಯ. ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ಹಾಗೆಯೇ ‘ಬಂದೆ’ ಎಂಬ ಒಂದೇ ಪದ ಕನ್ನಡದಲ್ಲಿ ಪೂರ್ಣವಾಕ್ಯವಾಗಬಲ್ಲದು. ಬಂದವನು ನಾನು ಎಂಬುದನ್ನು ಆಖ್ಯಾತ ಪ್ರತ್ಯಯವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ಐ’ ಬೇಕೇ ಬೇಕು. ಕರ್ತೃವಿನ ಸ್ಥಾನ ಖಾಲಿ ಇರಬಾರದೆಂಬ ಈ ನಿಯಮ ಎಷ್ಟು ಪ್ರಬಲವಾದುದೆಂದರೆ, ‘ಮಳೆ ಬರುತ್ತಿದೆ’ ಎನ್ನಲು ‘ಇಟ್ ಈಸ್ ರೈನಿಂಗ್’ ಎನ್ನಬೇಕಾಗುತ್ತದೆ. ಇಲ್ಲಿನ ‘ಇಟ್’ ಯಾವ ವಸ್ತುವನ್ನೂ ಸೂಚಿಸುವುದಿಲ್ಲ. ಅದು ಸ್ಥಾನ ತುಂಬಲು ಕುಳಿತ ಪದ. ಇನ್ನು ‘ನನಗೆ ಹಸಿವಾಗಿದೆ’, ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎಂಬಲ್ಲಿ ಕನ್ನಡವು ಅನುಭವಿಸುವವನನ್ನೂ ಹೊಂದಿರುವವನನ್ನೂ ಚತುರ್ಥಿಯಲ್ಲಿ ಇರಿಸಿದರೆ, ಇಂಗ್ಲಿಷ್ ‘ಐ ಆಮ್ ಹಂಗ್ರಿ’, ‘ಐ ಹ್ಯಾವ್ ಟೂ ಬ್ರದರ್ಸ್’ ಎಂದು ಕರ್ತೃಸ್ಥಾನದಲ್ಲಿ ಕೂರಿಸುತ್ತದೆ.

೪. ಪದಕ್ರಮ ಮತ್ತು ಕನ್ನಡಿಯ ಪ್ರತಿಬಿಂಬ

ಜೋಸೆಫ್ ಗ್ರೀನ್‌ಬರ್ಗ್ ೧೯೬೩ರಲ್ಲಿ ಪ್ರಕಟಿಸಿದ ಪದಕ್ರಮವನ್ನು ಕುರಿತ ಪ್ರಸಿದ್ಧ ಲೇಖನಕ್ಕಾಗಿ ಜಗತ್ತಿನ ೩೦ ಭಾಷೆಗಳನ್ನು ಆಯ್ದುಕೊಂಡಿದ್ದನು. ಆ ಮೂವತ್ತರಲ್ಲಿ ಕನ್ನಡವೂ ಒಂದು. ಕರ್ಮವು ಕ್ರಿಯೆಗಿಂತ ಮೊದಲು ಬರುವ ಭಾಷೆಗಳಲ್ಲಿ ಸಂಬಂಧಸೂಚಕಗಳು ನಾಮಪದದ ಅನಂತರ ಬರುವುದೂ, ಷಷ್ಠೀ ಪದ ತಾನು ವಿಶೇಷಿಸುವ ನಾಮಪದಕ್ಕಿಂತ ಮೊದಲು ಬರುವುದೂ ಸಾಮಾನ್ಯ ಪ್ರವೃತ್ತಿ ಎಂದು ಆತ ತೋರಿಸಿದನು. ಕನ್ನಡದಲ್ಲಿ ‘ಕರ್ತೃ, ಕರ್ಮ, ಕ್ರಿಯೆ’ ಎಂಬ ಕ್ರಮವೂ, ‘ಮರದ ಕೆಳಗೆ’ ಎಂಬಲ್ಲಿ ಸಂಬಂಧಸೂಚಕ ಕೊನೆಗೆ ಬರುವುದೂ ಬಿಡಿಬಿಡಿ ನಿಯಮಗಳಲ್ಲ, ಒಂದೇ ಸ್ವಭಾವದ ಭಿನ್ನ ಮುಖಗಳು ಎಂದು ಇದರಿಂದ ತಿಳಿದುಬರುತ್ತದೆ.

ಒಂದು ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ‘ಕಡೂರಿನ ಹತ್ತಿರದ ಹಳ್ಳಿಯ ಶಾಲೆಯ ಮೇಷ್ಟ್ರು’ ಎಂಬ ಪದಪುಂಜವನ್ನು ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ಇದು ‘ದ ಟೀಚರ್ ಅಟ್ ದ ಸ್ಕೂಲ್ ಇನ್ ದ ವಿಲೇಜ್ ನಿಯರ್ ಕಡೂರು’ ಎಂದಾಗುತ್ತದೆ. ಕನ್ನಡದ ಕ್ರಮ: ಕಡೂರು, ಹತ್ತಿರ, ಹಳ್ಳಿ, ಶಾಲೆ, ಮೇಷ್ಟ್ರು. ಇಂಗ್ಲಿಷಿನ ಕ್ರಮ: ಮೇಷ್ಟ್ರು, ಶಾಲೆ, ಹಳ್ಳಿ, ಹತ್ತಿರ, ಕಡೂರು. ಒಂದು ಇನ್ನೊಂದರ ಕನ್ನಡಿಬಿಂಬ. ಇದನ್ನು ಒಮ್ಮೆ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ, ಇಂಗ್ಲಿಷ್ ವಾಕ್ಯ ‘ತಲೆಕೆಳಗು’ ಎಂದು ವಿದ್ಯಾರ್ಥಿಗೆ ಅನ್ನಿಸುವುದಕ್ಕೆ ನಿಜವಾದ ಆಧಾರವಿದೆ ಎಂದು ಅವನಿಗೇ ತಿಳಿಯುತ್ತದೆ.

ಈ ಭಾಗದಲ್ಲಿ ಕನ್ನಡವೇ ಎಲ್ಲರ ಮನೆಮಾತಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಲಂಬಾಣಿ ತಾಂಡಾಗಳ ಮಕ್ಕಳು, ಉರ್ದು ಮಾತನಾಡುವ ಮನೆಗಳ ಮಕ್ಕಳು, ತೆಲುಗು ಇಲ್ಲವೇ ತಮಿಳು ಮನೆಮಾತಿನ ಮಕ್ಕಳು ಇದೇ ತರಗತಿಗಳಲ್ಲಿ ಕುಳಿತಿರುತ್ತಾರೆ. ಈ ಎಲ್ಲ ಭಾಷೆಗಳಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ಆದುದರಿಂದ ಪದಕ್ರಮದ ಈ ವಿವರಣೆ ಇಡೀ ತರಗತಿಗೆ ಸಲ್ಲುತ್ತದೆ.

೫. ಪ್ರಭೇದಗಳ ವ್ಯಾಖ್ಯೆ ಮತ್ತು ಪೂರ್ಣಕ್ರಿಯೆಯ ಪ್ರಶ್ನೆ

ಈಗ ಎರಡನೆಯ ನೆಲೆಗೆ ಬರೋಣ. ಒಂದೇ ಸ್ವತಂತ್ರ ಉಪವಾಕ್ಯವಿರುವುದು ಸಿಂಪಲ್. ಸಮಾನಸ್ಥಾನದ ಎರಡು ಅಥವಾ ಹೆಚ್ಚು ಉಪವಾಕ್ಯಗಳು ‘ಅಂಡ್’, ‘ಬಟ್’, ‘ಆರ್’ ಮುಂತಾದವುಗಳಿಂದ ಕೂಡಿದರೆ ಕಾಂಪೌಂಡ್. ಒಂದು ಪ್ರಧಾನ ಉಪವಾಕ್ಯಕ್ಕೆ ಒಂದು ಅಥವಾ ಹೆಚ್ಚು ಅಧೀನ ಉಪವಾಕ್ಯಗಳು ಸೇರಿದರೆ ಕಾಂಪ್ಲೆಕ್ಸ್. ಎರಡೂ ಲಕ್ಷಣಗಳು ಒಟ್ಟಿಗೆ ಇದ್ದರೆ ಕಾಂಪೌಂಡ್-ಕಾಂಪ್ಲೆಕ್ಸ್ ಎಂಬ ನಾಲ್ಕನೆಯ ಹೆಸರೂ ಉಂಟು.

ಈ ವ್ಯಾಖ್ಯೆಗಳೆಲ್ಲ ‘ಉಪವಾಕ್ಯ’ ಎಂಬ ಪರಿಕಲ್ಪನೆಯನ್ನು ಅವಲಂಬಿಸಿವೆ. ಶಾಲಾ ವ್ಯಾಕರಣದಲ್ಲಿ ಉಪವಾಕ್ಯವನ್ನು ಗುರುತಿಸುವ ಗುರುತು ಪೂರ್ಣಕ್ರಿಯಾಪದ, ಅಂದರೆ ಕಾಲವನ್ನು ತೋರುವ, ಕರ್ತೃವಿಗೆ ಹೊಂದಿಕೊಂಡ ಕ್ರಿಯಾರೂಪ. ವ್ಯತ್ಯಾಸದ ಬೇರು ಇರುವುದು ಇಲ್ಲಿಯೇ. ಒಂದು ಘಟನೆಯನ್ನು ಇನ್ನೊಂದಕ್ಕೆ ಜೋಡಿಸುವಾಗ ಇಂಗ್ಲಿಷ್ ಬಹುಮಟ್ಟಿಗೆ ಪ್ರತಿ ಘಟನೆಗೂ ಒಂದು ಪೂರ್ಣಕ್ರಿಯೆಯನ್ನು ಬಳಸುತ್ತದೆ. ಕನ್ನಡವಾದರೋ ಕೊನೆಯ ಘಟನೆಗೆ ಮಾತ್ರ ಪೂರ್ಣಕ್ರಿಯೆಯನ್ನು ಮೀಸಲಿಟ್ಟು ಉಳಿದವನ್ನು ಕೃದಂತಗಳಲ್ಲಿ ಹೇಳುತ್ತದೆ. ಇದನ್ನು ನಾಲ್ಕು ಸಂದರ್ಭಗಳಲ್ಲಿ ಪರಿಶೀಲಿಸಬಹುದು.

೫.೧ ಘಟನೆಗಳ ಸರಣಿ

‘ಅಡಿಕೆಯನ್ನು ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದರು.’ ತರೀಕೆರೆಯ ತೋಟದ ಮನೆಯ ಮಕ್ಕಳಿಗೆ ಇದು ತೀರ ಪರಿಚಿತವಾದ ವಾಕ್ಯ. ಇದರಲ್ಲಿ ಪೂರ್ಣಕ್ರಿಯೆ ಒಂದೇ: ಹಾಕಿದರು. ಉಳಿದ ನಾಲ್ಕೂ ಕೃದಂತಾವ್ಯಯಗಳು. ವ್ಯಾಖ್ಯೆಯ ಪ್ರಕಾರ ಇದು ಸಾಮಾನ್ಯ ವಾಕ್ಯ. ಇಂಗ್ಲಿಷಿನಲ್ಲಿ ಸಹಜವಾಗಿ ‘ದೇ ಪ್ಲಕ್ಡ್, ಹಸ್ಕ್ಡ್, ಬಾಯಿಲ್ಡ್ ಅಂಡ್ ಡ್ರೈಡ್ ದ ಅರೆಕಾನಟ್ ಅಂಡ್ ಸೆಂಟ್ ಇಟ್ ಟು ದ ಮಂಡಿ’ ಎನ್ನಬೇಕು. ಇಲ್ಲಿ ಪೂರ್ಣಕ್ರಿಯೆಗಳು ಐದು. ‘ಕೊಯ್ದು’ ಎಂಬುದಕ್ಕೆ ‘ಹ್ಯಾವಿಂಗ್ ಪ್ಲಕ್ಡ್’ ಎಂಬುದೇ ಸಮಾನವೆಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ ನಾಲ್ಕು ಬಾರಿ ‘ಹ್ಯಾವಿಂಗ್’ ಎಂದು ಬರೆಯುತ್ತಾನೆ. ವ್ಯಾಕರಣದ ದೃಷ್ಟಿಯಿಂದ ಅದು ತಪ್ಪಲ್ಲದಿದ್ದರೂ ಇಂಗ್ಲಿಷಿನ ನಡೆಯಲ್ಲ.

ಕರ್ತೃಗಳು ಬೇರೆಯಾದಾಗ ಅದು ತಪ್ಪೂ ಆಗುತ್ತದೆ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾದ್ದರಿಂದ ಕನ್ನಡ ಇಂತಹ ಜೋಡಣೆಯನ್ನು ಒಪ್ಪುತ್ತದೆ. ಇಂಗ್ಲಿಷಿನಲ್ಲಿ ‘ಹ್ಯಾವಿಂಗ್ ರೈನ್ಡ್, ದ ಟ್ಯಾಂಕ್ ಫಿಲ್ಡ್’ ಎಂದರೆ ಕೆರೆಯೇ ಮಳೆಯಾಗಿ ಸುರಿಯಿತು ಎಂಬಂತಾಗುತ್ತದೆ. ‘ಇಟ್ ರೈನ್ಡ್ ಅಂಡ್ ದ ಟ್ಯಾಂಕ್ ಫಿಲ್ಡ್’ ಎಂದು ಎರಡು ಉಪವಾಕ್ಯ ಮಾಡಲೇಬೇಕು.

೫.೨ ನಾಮವಿಶೇಷಣವಾದ ಉಪವಾಕ್ಯ

‘ನಿನ್ನೆ ಬಂದ ಹುಡುಗಿ’ ಎಂಬುದು ಇಂಗ್ಲಿಷಿನಲ್ಲಿ ‘ದ ಗರ್ಲ್ ಹೂ ಕೇಮ್ ಯೆಸ್ಟರ್ಡೇ’ ಆಗುತ್ತದೆ. ‘ಬಂದ’ ಎಂಬುದಕ್ಕೆ ಲಿಂಗವಚನಗಳ ಗುರುತಿಲ್ಲ, ಅದು ಪೂರ್ಣಕ್ರಿಯೆಯಲ್ಲ. ‘ಕೇಮ್’ ಪೂರ್ಣಕ್ರಿಯೆ. ಕನ್ನಡದಲ್ಲಿ ವಿಶೇಷಣ ನಾಮಪದಕ್ಕಿಂತ ಮೊದಲು ಬಂದರೆ ಇಂಗ್ಲಿಷಿನಲ್ಲಿ ಅನಂತರ ಬರುತ್ತದೆ. ಜೊತೆಗೆ ‘ಹೂ’, ‘ವಿಚ್’, ‘ದಟ್’ ಎಂಬ ಕೊಂಡಿ ಸೇರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ವ್ಯತ್ಯಾಸ ಇನ್ನೊಂದಿದೆ. ‘ನಾನು ಓದಿದ ಪುಸ್ತಕ’ ಮತ್ತು ‘ನಾನು ಓದಿದ ಶಾಲೆ’ ಎಂಬ ಎರಡನ್ನು ಹೋಲಿಸಿ ನೋಡಬೇಕು. ಎರಡರಲ್ಲೂ ‘ಓದಿದ’ ಎಂಬ ರೂಪ ಒಂದೇ. ಮೊದಲನೆಯದರಲ್ಲಿ ಪುಸ್ತಕ ಓದುವ ಕ್ರಿಯೆಯ ಕರ್ಮ, ಎರಡನೆಯದರಲ್ಲಿ ಶಾಲೆ ಅದರ ಅಧಿಕರಣ. ಈ ಭೇದವನ್ನು ಕನ್ನಡ ಬಾಯಿಬಿಟ್ಟು ಹೇಳದೆ ಕೇಳುಗನ ತಿಳಿವಿಗೆ ಬಿಡುತ್ತದೆ. ಇಂಗ್ಲಿಷ್ ‘ದ ಬುಕ್ ವಿಚ್ ಐ ರೆಡ್’ ಎಂದೂ ‘ದ ಸ್ಕೂಲ್ ಇನ್ ವಿಚ್ ಐ ಸ್ಟಡೀಡ್’ ಎಂದೂ ಬೇರೆ ಮಾಡುತ್ತದೆ. ಕನ್ನಡದ ವಿದ್ಯಾರ್ಥಿಯ ಇಂಗ್ಲಿಷ್ ವಾಕ್ಯದಲ್ಲಿ ಇಂತಹ ಕಡೆ ‘ಇನ್’ ಬಿಟ್ಟುಹೋದರೆ ಅದನ್ನು ಅಜಾಗರೂಕತೆಯೆಂದು ಗೆರೆ ಎಳೆದು ಬಿಡುವುದು ಸಾಲದು. ಅವನ ಭಾಷೆಯಲ್ಲಿ ಆ ಸ್ಥಳದಲ್ಲಿ ಸಪ್ತಮೀ ವಿಭಕ್ತಿ ಕಾಣಿಸಿಕೊಳ್ಳುವುದೇ ಇಲ್ಲ.

೫.೩ ಪಕ್ಷ, ಕಾಲ, ಕಾರಣ, ವಿರೋಧ

‘ಮಳೆ ಬಂದರೆ’, ‘ಮಳೆ ಬಂದಾಗ’, ‘ಮಳೆ ಬಂದದ್ದರಿಂದ’, ‘ಮಳೆ ಬಂದರೂ’ ಎಂಬ ನಾಲ್ಕು ರೂಪಗಳಲ್ಲಿ ಕನ್ನಡವು ಪಕ್ಷ, ಕಾಲ, ಕಾರಣ, ವಿರೋಧಗಳನ್ನು ಕ್ರಿಯಾರೂಪದ ತುದಿಯಲ್ಲಿಯೇ ಸೂಚಿಸುತ್ತದೆ. ಇಂಗ್ಲಿಷ್ ಇವಕ್ಕೆ ‘ಇಫ್’, ‘ವೆನ್’, ‘ಬಿಕಾಸ್’, ‘ಆಲ್ದೋ’ ಎಂಬ ಬೇರೆ ಬೇರೆ ಪದಗಳನ್ನು ಉಪವಾಕ್ಯದ ಆರಂಭದಲ್ಲಿ ಇಟ್ಟು, ಒಳಗೆ ಪೂರ್ಣಕ್ರಿಯೆಯನ್ನು ಬಳಸುತ್ತದೆ: ‘ಇಫ್ ಇಟ್ ರೈನ್ಸ್, ದ ಟ್ಯಾಂಕ್ ವಿಲ್ ಫಿಲ್.’ ‘ಬಂದರೆ’ ಎಂಬಲ್ಲಿ ಭೂತಕಾಲದ ಅಂಗವಿದ್ದರೂ ಅರ್ಥ ಭವಿಷ್ಯತ್ತಿನದು. ಇಂಗ್ಲಿಷಿನಲ್ಲಿ ಅಲ್ಲಿ ವರ್ತಮಾನದ ರೂಪ ಬರುತ್ತದೆ.

‘ಆಲ್ದೋ’ ಎಂದು ಆರಂಭಿಸಿ ನಡುವೆ ‘ಬಟ್’ ಸೇರಿಸುವ ರೂಢಿಯನ್ನೂ ಇದರಿಂದ ವಿವರಿಸಬಹುದು. ಕನ್ನಡದಲ್ಲಿ ‘ಬಂದರೂ’ ಎಂಬಲ್ಲಿನ ವಿರೋಧಸೂಚಕ ಎರಡು ಭಾಗಗಳು ಕೂಡುವ ಗಂಟಿನಲ್ಲಿ ಕುಳಿತಿದೆ. ವಿದ್ಯಾರ್ಥಿ ಪಾಠದಲ್ಲಿ ಕಲಿತ ‘ಆಲ್ದೋ’ವನ್ನು ಆರಂಭದಲ್ಲಿ ಇಟ್ಟ ಮೇಲೂ ಗಂಟಿನ ಜಾಗ ಬರಿದಾಗಿ ಕಾಣುವುದರಿಂದ ಅಲ್ಲಿ ‘ಬಟ್’ ಇಡುತ್ತಾನೆ.

೫.೪ ಎಂದು ಎಂಬ ಕೊಂಡಿ

ನಾಲ್ಕನೆಯ ಸಂದರ್ಭ ಮೇಲಿನ ಮೂರಕ್ಕಿಂತ ಬೇರೆ. ‘ನಾಳೆ ಬರುತ್ತೇನೆ ಎಂದು ಮೇಷ್ಟ್ರು ಹೇಳಿದರು’ ಎಂಬಲ್ಲಿ ‘ಬರುತ್ತೇನೆ’, ‘ಹೇಳಿದರು’ ಎಂಬ ಎರಡು ಪೂರ್ಣಕ್ರಿಯೆಗಳಿವೆ. ಇದು ಕನ್ನಡದ ನಿಜವಾದ ಮಿಶ್ರವಾಕ್ಯ. ಇಲ್ಲಿ ಕನ್ನಡ ಆಡಿದವನ ಮಾತನ್ನು ಅವನ ಪುರುಷದಲ್ಲಿಯೇ ಉಳಿಸಿಕೊಳ್ಳುತ್ತದೆ. ಇಂಗ್ಲಿಷ್ ಅದನ್ನು ವರದಿ ಮಾಡುವವನ ದೃಷ್ಟಿಗೆ ತಿರುಗಿಸುತ್ತದೆ: ‘ಹೀ ಸೆಡ್ ದಟ್ ಹೀ ವುಡ್ ಕಮ್ ದ ನೆಕ್ಸ್ಟ್ ಡೇ.’ ‘ಐ’ ಎಂಬುದು ‘ಹೀ’ ಆಯಿತು, ‘ವಿಲ್’ ಎಂಬುದು ‘ವುಡ್’ ಆಯಿತು, ‘ಟುಮಾರೋ’ ಎಂಬುದು ‘ದ ನೆಕ್ಸ್ಟ್ ಡೇ’ ಆಯಿತು. ಹಾಗೆಯೇ ‘ಅವನು ಎಲ್ಲಿದ್ದಾನೆ?’ ಎಂಬ ಪ್ರಶ್ನೆಗೂ ‘ಅವನು ಎಲ್ಲಿದ್ದಾನೆ ಎಂದು ಗೊತ್ತಿಲ್ಲ’ ಎಂಬುದರ ಒಳಗಿನ ಭಾಗಕ್ಕೂ ಕನ್ನಡದಲ್ಲಿ ಭೇದವಿಲ್ಲ. ಇಂಗ್ಲಿಷಿನಲ್ಲಿ ‘ವೇರ್ ಈಸ್ ಹೀ?’ ಎಂಬ ಪ್ರಶ್ನೆ ‘ಐ ಡೋಂಟ್ ನೋ ವೇರ್ ಹೀ ಈಸ್’ ಎಂದು ತನ್ನ ಕ್ರಮವನ್ನು ಬದಲಿಸಿಕೊಳ್ಳಬೇಕು.

‘ಯಾರು ಮೊದಲು ಬರುತ್ತಾರೋ ಅವರಿಗೆ ಕೊಡು’ ಎಂಬ ಬಗೆಯ ರಚನೆಯೂ ಕನ್ನಡದಲ್ಲಿ ಉಂಟು. ಆದ್ದರಿಂದ ಮಿಶ್ರವಾಕ್ಯವೆಂಬ ಪ್ರಭೇದವೇ ಕನ್ನಡಕ್ಕೆ ಹೊರಗಿನದೆಂದು ಹೇಳಲಾಗದು. ಕನ್ನಡದಲ್ಲಿ ಅದರ ವ್ಯಾಪ್ತಿ ಕಿರಿದು, ಇಂಗ್ಲಿಷಿನಲ್ಲಿ ಹಿರಿದು ಎಂಬುದಷ್ಟೇ ಇಲ್ಲಿನ ಅಭಿಪ್ರಾಯ. ಉರ್ದು ಮನೆಮಾತಿನ ವಿದ್ಯಾರ್ಥಿಗೆ ‘ಜೋ’ ಮತ್ತು ‘ವೋ’ ಎಂಬ ಜೋಡಿಯಿಂದ ಪೂರ್ಣಕ್ರಿಯೆಯುಳ್ಳ ವಿಶೇಷಣ ಉಪವಾಕ್ಯ ಮೊದಲೇ ಪರಿಚಿತವಾಗಿರುತ್ತದೆ. ಇಂಗ್ಲಿಷಿನ ‘ಹೂ’, ‘ವಿಚ್’ಗಳನ್ನು ವಿವರಿಸುವಾಗ ಶಿಕ್ಷಕರು ಅದನ್ನೂ ಬಳಸಿಕೊಳ್ಳಬಹುದು.

೬. ಶಾಸನಗದ್ಯದ ಸಾಕ್ಷ್ಯ

ಕೃದಂತಗಳ ಮೂಲಕ ವಾಕ್ಯವನ್ನು ಬೆಳೆಸುವ ಈ ಕ್ರಮ ಇಂದಿನ ಆಡುಮಾತಿನ ಸಡಿಲತೆಯಲ್ಲ. ಇದೇ ನೆಲದ ಶಾಸನಗಳು ಅದಕ್ಕೆ ಸಾಕ್ಷಿ. ತರೀಕೆರೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯವು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ, ಅಮೃತೇಶ್ವರ ದಂಡನಾಯಕನಿಂದ ನಿರ್ಮಿತವಾದದ್ದು. ಅಲ್ಲಿಯ ಶಾಸನವನ್ನು ರಚಿಸಿದವನು ಮುಂದೆ ಯಶೋಧರ ಚರಿತೆಯನ್ನು ಬರೆದ ಕವಿ ಜನ್ನ. ೧೯೪೭ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಈ ಪ್ರದೇಶದ ಶಾಸನಗಳನ್ನು ಬಿ.ಎಲ್. ರೈಸ್ ೧೯೦೧ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು.

ಹೊಯ್ಸಳರ ಕಾಲದ ದಾನಶಾಸನಗಳ ಗದ್ಯದಲ್ಲಿ ಒಂದು ಸ್ಥಿರವಾದ ವಿನ್ಯಾಸವಿದೆ. ಅರಸನ ಬಿರುದುಗಳೆಲ್ಲ ಅವನ ಹೆಸರಿಗಿಂತ ಮೊದಲು ಸಾಲುಗಟ್ಟುತ್ತವೆ, ಅನಂತರ ಅಧಿಕಾರಿಯ ವಿಶೇಷಣಗಳು, ಅನಂತರ ಅವನ ಹೆಸರು, ತಿಥಿವಾರಗಳು, ದಾನದ ವಿವರ, ಕೊನೆಗೆ ಕೊಟ್ಟರು ಇಲ್ಲವೇ ಬಿಟ್ಟರು ಎಂಬ ಅರ್ಥದ ಪದ. ಕಾಲಂ ಕರ್ಚಿ, ಧಾರಾಪೂರ್ವಕಂ ಮಾಡಿ ಬಿಡುವುದು ದಾನಶಾಸನಗಳ ಸಿದ್ಧ ನುಡಿಗಟ್ಟು. ಕಾಲು ತೊಳೆದು, ನೀರೆರೆದು, ಬಿಟ್ಟುಕೊಟ್ಟರು ಎಂಬ ಈ ಸರಣಿಗೂ ಅಡಿಕೆ ಕೊಯ್ದು, ಸುಲಿದು, ಮಂಡಿಗೆ ಹಾಕಿದರು ಎಂಬ ಸರಣಿಗೂ ರಚನೆಯಲ್ಲಿ ಅಂತರವಿಲ್ಲ. ಎಂಟು ಶತಮಾನಗಳ ಹಿಂದೆ ಕಲ್ಲಿನ ಮೇಲೆ ಹರಿದ ವಾಕ್ಯದ ನಡೆಯೇ ಇಂದಿನ ತೋಟದ ಮಾತಿನಲ್ಲೂ ಇದೆ. ಇಂತಹ ಗದ್ಯವನ್ನು ಇಂಗ್ಲಿಷಿಗೆ ತರುವವರು ಅದನ್ನು ಒಡೆದು ಹಲವು ಪೂರ್ಣಕ್ರಿಯೆಗಳಾಗಿ ಮಾಡಿಕೊಳ್ಳಬೇಕಾಗುತ್ತದೆ. ವಿದ್ವಾಂಸ ಅನುವಾದಕನೂ ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಎದುರಿಸುವ ಸಮಸ್ಯೆ ಒಂದೇ ಬಗೆಯದು ಎಂದಾದರೆ, ಅದನ್ನು ವಿದ್ಯಾರ್ಥಿಯ ದಡ್ಡತನವೆಂದು ಕರೆಯುವುದು ಅನ್ಯಾಯ.

೭. ಬೋಧನೆಗೆ ಒಂದು ಸೂಚನೆ

ಮೇಲಿನ ವಿವೇಚನೆಯಿಂದ ತರಗತಿಗೆ ಉಪಯೋಗವಾಗುವ ಒಂದು ಕ್ರಮವನ್ನು ರೂಪಿಸಬಹುದು. ಅಜ್ಜಂಪುರ ನಿಲ್ದಾಣ ಬೆಂಗಳೂರು-ಹುಬ್ಬಳ್ಳಿ ಮಾರ್ಗದಲ್ಲಿದೆ. ತರೀಕೆರೆ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆದ ಮಾರ್ಗದಲ್ಲಿದೆ. ಈ ಭಾಗದ ಮಕ್ಕಳಿಗೆ ಗೊತ್ತಿರುವ ಈ ಪ್ರಯಾಣವನ್ನೇ ವಾಕ್ಯವಾಗಿಸೋಣ: ‘ಬೆಳಿಗ್ಗೆ ಅಜ್ಜಂಪುರದಲ್ಲಿ ರೈಲು ಹತ್ತಿದ ಹುಡುಗಿ ಬೀರೂರಿನಲ್ಲಿ ಇಳಿದು, ಶಿವಮೊಗ್ಗದ ಕಡೆಗೆ ಹೋಗುತ್ತಿದ್ದ ರೈಲು ಹಿಡಿದು ತರೀಕೆರೆಗೆ ಬಂದಳು.’

ಮೊದಲ ಹಂತದಲ್ಲಿ ಪೂರ್ಣಕ್ರಿಯೆಯನ್ನು ಎಣಿಸಬೇಕು. ಇಲ್ಲಿ ಒಂದೇ ಇದೆ: ಬಂದಳು. ಎರಡನೆಯ ಹಂತದಲ್ಲಿ, ಇಂಗ್ಲಿಷಿಗೆ ಹೋಗದೆ ಕನ್ನಡದಲ್ಲಿಯೇ ಪ್ರತಿ ಕೃದಂತವನ್ನೂ ಪೂರ್ಣಕ್ರಿಯೆಯಾಗಿ ಬಿಡಿಸಿ, ಪ್ರತಿಯೊಂದಕ್ಕೂ ಕರ್ತೃವನ್ನು ಕೊಡಬೇಕು. ಒಬ್ಬ ಹುಡುಗಿ ಬೆಳಿಗ್ಗೆ ಅಜ್ಜಂಪುರದಲ್ಲಿ ರೈಲು ಹತ್ತಿದಳು. ಅವಳು ಬೀರೂರಿನಲ್ಲಿ ಇಳಿದಳು. ಒಂದು ರೈಲು ಶಿವಮೊಗ್ಗದ ಕಡೆಗೆ ಹೋಗುತ್ತಿತ್ತು. ಅವಳು ಆ ರೈಲನ್ನು ಹಿಡಿದಳು. ಅವಳು ತರೀಕೆರೆಗೆ ಬಂದಳು. ಹೀಗೆ ಐದು ವಾಕ್ಯಗಳಾದವು. ಮೂರನೆಯ ಹಂತದಲ್ಲಿ ಈ ಐದನ್ನೂ ಮೂರನೆಯ ವಿಭಾಗದಲ್ಲಿ ಹೇಳಿದ ಮೂಲಮಾದರಿಗಳಿಗೆ ಅನುಸಾರವಾಗಿ ಇಂಗ್ಲಿಷಿನಲ್ಲಿ ಬರೆಯಬೇಕು. ನಾಲ್ಕನೆಯ ಹಂತದಲ್ಲಿ ಸರಣಿಯಾಗಿರುವುದನ್ನು ‘ಅಂಡ್’ನಿಂದಲೂ, ವಿಶೇಷಣವಾಗಿರುವುದನ್ನು ‘ಹೂ’, ‘ದಟ್’ಗಳಿಂದಲೂ ಜೋಡಿಸಬೇಕು: ‘ದ ಗರ್ಲ್ ಹೂ ಬೋರ್ಡೆಡ್ ಎ ಟ್ರೈನ್ ಅಟ್ ಅಜ್ಜಂಪುರ ಇನ್ ದ ಮಾರ್ನಿಂಗ್ ಗಾಟ್ ಡೌನ್ ಅಟ್ ಬೀರೂರು, ಕಾಟ್ ಎ ಟ್ರೈನ್ ದಟ್ ವಾಸ್ ಗೋಯಿಂಗ್ ಟುವರ್ಡ್ಸ್ ಶಿವಮೊಗ್ಗ ಅಂಡ್ ಕೇಮ್ ಟು ತರೀಕೆರೆ.’

ಕನ್ನಡದಲ್ಲಿ ಒಂದೇ ಪೂರ್ಣಕ್ರಿಯೆಯ ಸಾಮಾನ್ಯ ವಾಕ್ಯವಾಗಿದ್ದದ್ದು ಇಂಗ್ಲಿಷಿನಲ್ಲಿ ಐದು ಪೂರ್ಣಕ್ರಿಯೆಗಳ ಕಾಂಪೌಂಡ್-ಕಾಂಪ್ಲೆಕ್ಸ್ ವಾಕ್ಯವಾಯಿತು. ಎರಡು ತರಗತಿಗಳ ಮೂರು ಪ್ರಭೇದಗಳು ಒಂದಕ್ಕೊಂದು ನೇರವಾಗಿ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಈ ಕ್ರಮದ ಎರಡನೆಯ ಹಂತವನ್ನು ಕನ್ನಡದ ಶಿಕ್ಷಕರೇ ಕೃದಂತದ ಪಾಠದಲ್ಲಿ ಅಭ್ಯಾಸ ಮಾಡಿಸಬಹುದು. ಅದರಿಂದ ಕನ್ನಡದ ಪಾಠಕ್ಕೆ ನಷ್ಟವೇನೂ ಇಲ್ಲ. ಕೃದಂತವು ಒಂದು ಪಾರಿಭಾಷಿಕ ಪದವಾಗಿ ಉಳಿಯದೆ ವಾಕ್ಯವನ್ನು ನಡೆಸುವ ಅಂಗವಾಗಿ ವಿದ್ಯಾರ್ಥಿಗೆ ಕಾಣುತ್ತದೆ.

ಇಲ್ಲೊಂದು ಆಕ್ಷೇಪವನ್ನು ಎದುರುಗೊಳ್ಳಬೇಕು. ಭಾಷೆಯನ್ನು ವ್ಯಾಕರಣದ ವಿವರಣೆಯಿಂದಲೂ ತಾಯ್ನುಡಿಯ ಹೋಲಿಕೆಯಿಂದಲೂ ಕಲಿಸಬಾರದು, ಬಳಕೆಯಿಂದಲೇ ಅದು ಬರಬೇಕು ಎಂಬ ವಾದ ಪ್ರಬಲವಾಗಿದೆ. ಎನ್.ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಬೆಂಗಳೂರು ಯೋಜನೆ ಎಂದು ಹೆಸರಾದ ಪ್ರಯೋಗವು, ವಿದ್ಯಾರ್ಥಿಯ ಗಮನ ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬ ತತ್ತ್ವವನ್ನು ಆಧರಿಸಿತ್ತು. ಈ ತತ್ತ್ವದಲ್ಲಿ ಸತ್ಯವಿದೆ. ಆದರೆ ಬಳಕೆಯಿಂದ ಕಲಿಯಬೇಕಾದರೆ ಬಳಕೆ ಸಾಕಷ್ಟು ದೊರೆಯಬೇಕು. ತರಗತಿಯ ಹೊರಗೆ ಮನೆ, ತೋಟ, ಸಂತೆ, ಬಸ್ ನಿಲ್ದಾಣ ಎಲ್ಲೆಡೆಯೂ ಬೇರೆ ಭಾಷೆಗಳೇ ಕೇಳಿಬರುವ ಊರುಗಳಲ್ಲಿ ವಾರದ ಕೆಲವು ಪಾಠದ ಅವಧಿಗಳಷ್ಟೇ ಇಂಗ್ಲಿಷಿನ ಬಳಕೆಯ ಅವಕಾಶ. ಅಂತಹ ಕಡೆ, ಬಳಕೆಯ ಜೊತೆಗೆ, ಆಯ್ದ ನಾಲ್ಕೈದು ವ್ಯತ್ಯಾಸಗಳ ಕಿರು ವಿವರಣೆ ವಿದ್ಯಾರ್ಥಿಯ ಶ್ರಮವನ್ನು ಕಡಿಮೆ ಮಾಡುತ್ತದೆ. ವಿವರಣೆಯೇ ಪಾಠವಾಗಿಬಿಡಬಾರದು ಎಂಬ ಎಚ್ಚರವನ್ನು ಮಾತ್ರ ಪ್ರಭು ಅವರ ಪ್ರಯೋಗದಿಂದ ಉಳಿಸಿಕೊಳ್ಳಬೇಕು.

೮. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಮೂರು ಅಂಶಗಳು ಹೊರಪಡುತ್ತವೆ. ಒಂದು, ಇಂಗ್ಲಿಷ್ ವಾಕ್ಯದಲ್ಲಿ ಪದದ ಪಾತ್ರವನ್ನು ಸ್ಥಾನ ನಿರ್ಧರಿಸಿದರೆ ಕನ್ನಡದಲ್ಲಿ ಮುಖ್ಯವಾಗಿ ಪ್ರತ್ಯಯ ನಿರ್ಧರಿಸುತ್ತದೆ. ಎರಡು, ಇಂಗ್ಲಿಷ್ ಘಟನೆಗಳನ್ನು ಪೂರ್ಣಕ್ರಿಯೆಯುಳ್ಳ ಉಪವಾಕ್ಯಗಳಲ್ಲಿ ಜೋಡಿಸಿದರೆ ಕನ್ನಡ ಬಹುಮಟ್ಟಿಗೆ ಕೃದಂತಗಳಲ್ಲಿ ಜೋಡಿಸುತ್ತದೆ. ಮೂರು, ಈ ಕಾರಣದಿಂದ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಪ್ರಭೇದಗಳನ್ನು ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬವುಗಳ ಅನುವಾದವೆಂದು ಭಾವಿಸುವುದು ವಿದ್ಯಾರ್ಥಿಯ ದಾರಿ ತಪ್ಪಿಸುತ್ತದೆ.

ಕನ್ನಡ ವಾಕ್ಯದ ಸ್ವರೂಪವನ್ನು ಕೃದಂತದ ನೆಲೆಯಿಂದ ಮತ್ತೆ ವರ್ಗೀಕರಿಸುವ ಕೆಲಸ ನಮ್ಮ ಶಾಲಾ ವ್ಯಾಕರಣಗಳಲ್ಲಿ ಆಗಬೇಕಾಗಿದೆ. ಅದು ಕನ್ನಡಕ್ಕಾಗಿ ಆಗಬೇಕಾದ ಕೆಲಸ. ಅದರ ಫಲ ಇಂಗ್ಲಿಷ್ ತರಗತಿಗೂ ಸಲ್ಲುತ್ತದೆ. ಕಡೂರಿನ, ತರೀಕೆರೆಯ, ಅಜ್ಜಂಪುರದ ಕನ್ನಡ ಶಾಲೆಯಿಂದ ಬಂದ ವಿದ್ಯಾರ್ಥಿಗೆ ವಾಕ್ಯಗಳನ್ನು ಹೆಣೆಯುವುದು ಮೊದಲೇ ಗೊತ್ತು. ಐದು ಘಟನೆಗಳನ್ನು ಒಂದೇ ಕ್ರಿಯಾಪದಕ್ಕೆ ಪೋಣಿಸಿ ನಿಲ್ಲಿಸಬಲ್ಲ ಆ ಸಾಮರ್ಥ್ಯವನ್ನು ಗುರುತಿಸಿ, ಅಲ್ಲಿಂದ ಮುಂದಕ್ಕೆ ಕರೆದೊಯ್ಯುವ ಪಾಠ ಅವನಿಗೆ ದೊರೆಯಬೇಕಾಗಿದೆ.